ಮತದಾರರ ಪಟ್ಟಿಯೂ ಪೌರತ್ವದ ಪುರಾವೆಯೂ



ನಮ್ಮ ತಾಯಿ ತೀರಿಕೊಂಡ ಮೇಲೆ ಅವರ ಟ್ರಂಕನ್ನು ತೆರೆದು ನೋಡುವ ಕೆಲಸ ನನ್ನ ಪಾಲಿಗೆ ಬಂತು. ಎರಡು ರೇಷ್ಮೆ ಸೀರೆ, ಒಂದು ಕುಂಕುಮದ ಭರಣಿ, ತಳದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಕೆಲವು ಕಾಗದಗಳು. ಪಡಿತರ ಚೀಟಿ ಇತ್ತು, ಮತದಾರರ ಗುರುತಿನ ಚೀಟಿ ಇತ್ತು, ತಂದೆಯವರು ಹೋದ ಮೇಲೆ ಬರುತ್ತಿದ್ದ ಪಿಂಚಣಿಯ ಪುಸ್ತಕ ಇತ್ತು. ಮೂರರಲ್ಲಿ ಮೂರು ವಯಸ್ಸು. ಒಂದರಲ್ಲಿ ಅವರ ಹೆಸರಿನ ಮುಂದೆ 'ಅಮ್ಮ' ಇದೆ, ಇನ್ನೊಂದರಲ್ಲಿ ಇಲ್ಲ. ಜನನ ಪ್ರಮಾಣ ಪತ್ರ ಇರಲಿಲ್ಲ. ಶಾಲೆಯ ಮೆಟ್ಟಿಲು ಹತ್ತಿದವರಲ್ಲವಾದ್ದರಿಂದ ಶಾಲೆಯ ದಾಖಲೆಯೂ ಇರಲಿಲ್ಲ. ಆದರೂ 1957ರಿಂದ ತಮ್ಮ ಕೊನೆಯ ಚುನಾವಣೆಯವರೆಗೆ ಅವರು ಒಂದು ಸಲವೂ ಮತದಾನ ತಪ್ಪಿಸಿದವರಲ್ಲ. ಆ ಕಾಗದಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಾಗ ನನ್ನನ್ನು ಒಂದು ಪ್ರಶ್ನೆ ಕಾಡಿತು. 'ನೀವು ಭಾರತದ ಪ್ರಜೆ ಎನ್ನುವುದಕ್ಕೆ ಪುರಾವೆ ಕೊಡಿ' ಎಂದು ಯಾರಾದರೂ ಕೇಳಿದ್ದರೆ ನಮ್ಮ ತಾಯಿ ಏನು ಕೊಡುತ್ತಿದ್ದರು?

ಇಂದು ನಾನು ತಮ್ಮೊಡನೆ ಮಾತನಾಡಬೇಕೆಂದಿರುವುದು ಈ ಪ್ರಶ್ನೆಯ ಬಗೆಗೆ. ಮತದಾರರ ಪಟ್ಟಿಗೆ ಹೆಸರು ಸೇರಿಸುವಾಗ ಪೌರತ್ವದ ದಾಖಲೆಯನ್ನು ಕಡ್ಡಾಯವಾಗಿ ಕೇಳಬೇಕೆ? ಕೇಳಿದರೆ ಏನಾಗುತ್ತದೆ, ಕೇಳದಿದ್ದರೆ ಏನಾಗುತ್ತದೆ? ನಾನು ಕಾನೂನು ಪಾಠ ಹೇಳಿಕೊಂಡು ಬದುಕಿದವನು. ಹಾಗಾಗಿ ಮೊದಲು ಕಾನೂನಿನಿಂದಲೇ ಆರಂಭಿಸುತ್ತೇನೆ.

ನಮ್ಮ ಸಂವಿಧಾನದ 326ನೇ ವಿಧಿ ವಯಸ್ಕ ಮತದಾನದ ಹಕ್ಕನ್ನು ಹೇಳುತ್ತದೆ. ಭಾರತದ ನಾಗರಿಕನಾಗಿರಬೇಕು, 18 ವರ್ಷ ತುಂಬಿರಬೇಕು. 1989ಕ್ಕೆ ಮೊದಲು ಈ ವಯಸ್ಸು 21 ಆಗಿತ್ತು. 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 16ನೇ ಕಲಮು ನಾಗರಿಕರಲ್ಲದವರ ಹೆಸರು ಪಟ್ಟಿಯಲ್ಲಿ ಇರಕೂಡದು ಎನ್ನುತ್ತದೆ. 19ನೇ ಕಲಮು, ಆ ಕ್ಷೇತ್ರದಲ್ಲಿ 'ಸಾಮಾನ್ಯ ನಿವಾಸಿ'ಯಾಗಿರಬೇಕು ಎನ್ನುತ್ತದೆ. ಅಂದರೆ ಮೂರು ಅರ್ಹತೆಗಳು: ಪೌರತ್ವ, ವಯಸ್ಸು, ವಾಸ. ಈ ಮೂರರ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಇರಲೂಬಾರದು.

ಭಿನ್ನಾಭಿಪ್ರಾಯ ಹುಟ್ಟುವುದು ಮುಂದಿನ ಹೆಜ್ಜೆಯಲ್ಲಿ. ಅರ್ಹತೆ ಬೇರೆ, ಅದಕ್ಕೆ ಕೊಡುವ ಪುರಾವೆ ಬೇರೆ. ಹೊಸ ಮತದಾರರು ತುಂಬುವ ನಮೂನೆ 6ನ್ನು ತಾವು ನೋಡಿರಬಹುದು. ಅದರಲ್ಲಿ ವಯಸ್ಸಿಗೆ ಒಂದು ದಾಖಲೆ ಕೇಳುತ್ತಾರೆ, ವಾಸಕ್ಕೆ ಒಂದು ದಾಖಲೆ ಕೇಳುತ್ತಾರೆ. ಪೌರತ್ವಕ್ಕೆ ಮಾತ್ರ ಅರ್ಜಿದಾರನ ಘೋಷಣೆ ಇರುತ್ತದೆ. 'ನಾನು ಭಾರತದ ನಾಗರಿಕ' ಎಂದು ಬರೆದು ಸಹಿ ಮಾಡಬೇಕು. ಇದನ್ನು ಬರೀ ಬಾಯಿಮಾತು ಎಂದು ತಿಳಿಯಬೇಡಿ. ಸುಳ್ಳು ಘೋಷಣೆಗೆ ಅದೇ ಕಾಯಿದೆಯ 31ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ, ಇಲ್ಲವೆ ಎರಡೂ ಇವೆ.

'ಇಷ್ಟು ಸಾಲದು, ದಾಖಲೆಯೇ ಬೇಕು' ಎನ್ನುವವರ ವಾದವನ್ನೂ ನಾವು ತಳ್ಳಿಹಾಕುವಂತಿಲ್ಲ. ನಾಗರಿಕನಲ್ಲದವನೊಬ್ಬ ಮತ ಹಾಕಿದರೆ ಒಬ್ಬ ನಾಗರಿಕನ ಮತ ಅಷ್ಟರಮಟ್ಟಿಗೆ ಸತ್ತುಹೋದಂತೆ. ಗಡಿ ರಾಜ್ಯಗಳಲ್ಲಿ ಈ ಆತಂಕ ಕಾಲ್ಪನಿಕವಲ್ಲ. 1979ರಲ್ಲಿ ಅಸ್ಸಾಮಿನ ಮಂಗಲದೋಯಿ ಲೋಕಸಭಾ ಕ್ಷೇತ್ರಕ್ಕೆ ಉಪಚುನಾವಣೆ ಬಂದಾಗ ಅಲ್ಲಿನ ಮತದಾರರ ಪಟ್ಟಿಯ ಬಗೆಗೆ ಎದ್ದ ಆಕ್ಷೇಪಗಳೇ ಆರು ವರ್ಷಗಳ ಚಳವಳಿಗೆ ಕಿಡಿಯಾದವು. ಆ ಚಳವಳಿ 1985ರ ಆಗಸ್ಟ್ 15ರ ಅಸ್ಸಾಂ ಒಪ್ಪಂದದಲ್ಲಿ ಮುಗಿಯಿತು. ಪಟ್ಟಿಯ ಮೇಲೆ ಜನರ ನಂಬಿಕೆ ಹೋದರೆ ಚುನಾವಣೆಯ ಫಲಿತಾಂಶದ ಮೇಲಿನ ನಂಬಿಕೆಯೂ ಹೋಗುತ್ತದೆ. ಆದ್ದರಿಂದ ಪಟ್ಟಿ ಶುದ್ಧವಾಗಿರಬೇಕೆಂಬ ಬೇಡಿಕೆ ನ್ಯಾಯವಾದದ್ದು. ಆದರೆ ಅದನ್ನು ಶುದ್ಧಗೊಳಿಸುವ ಬಗೆ ಯಾವುದು? ಜೊಳ್ಳನ್ನು ತೂರುವ ಭರದಲ್ಲಿ ಕಾಳೂ ಹಾರಿಹೋದರೆ ರೈತನಿಗೆ ಏನು ಉಳಿಯುತ್ತದೆ?

ಇಲ್ಲಿ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಮೊದಲ ಮತದಾರರ ಪಟ್ಟಿಯ ಕೆಲಸ 1948ರಲ್ಲಿಯೇ ಆರಂಭವಾಯಿತು. ಆಗ ಸಂವಿಧಾನ ಇನ್ನೂ ಸಿದ್ಧವಾಗಿರಲಿಲ್ಲ, ಪೌರತ್ವದ ಕಾನೂನೂ ಇರಲಿಲ್ಲ. ದೇಶ ಇಬ್ಭಾಗವಾಗಿ ಲಕ್ಷಾಂತರ ಜನ ಮನೆಮಾರು ಕಳೆದುಕೊಂಡು ಗಡಿ ದಾಟಿ ಬಂದಿದ್ದರು. ಅವರನ್ನು ಪಟ್ಟಿಗೆ ಸೇರಿಸುವುದು ಹೇಗೆ? ಅವರ ಹತ್ತಿರ ಯಾವ ಕಾಗದವಿತ್ತು? ಸಂವಿಧಾನ ಸಭೆಯ ಸಚಿವಾಲಯ ಅದಕ್ಕೊಂದು ದಾರಿ ಕಂಡುಕೊಂಡಿತು. ತಾವು ಬಂದು ನೆಲೆಸಿರುವ ಊರಿನಲ್ಲಿ ಶಾಶ್ವತವಾಗಿ ವಾಸಿಸುವ ಇಚ್ಛೆ ಇದೆ ಎಂದು ನಿರಾಶ್ರಿತರು ಘೋಷಣೆ ಕೊಟ್ಟರೆ ಸಾಕು, ಸದ್ಯಕ್ಕೆ ಹೆಸರು ಸೇರಿಸಿಕೊಳ್ಳಬಹುದು ಎಂದು ಸೂಚನೆ ಹೋಯಿತು. ಅನುಮಾನಕ್ಕೆ ಅಂದಿನಷ್ಟು ಕಾರಣ ಮತ್ತೆಂದೂ ಇರಲಿಲ್ಲ. ಆದರೂ ಅಂದಿನವರು ಮಾತನ್ನು ನಂಬಿದರು.

ಅದೇ ಕಾಲದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಉತ್ತರ ಭಾರತದ ಹಲವು ಕಡೆ ಹೆಂಗಸರು ಗಣತಿದಾರರಿಗೆ ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಹೇಳಿದರು. ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ್ ಸೇನ್ ಅವರು ಅದನ್ನು ಒಪ್ಪಲಿಲ್ಲ. ಮತ ಹಾಕುವವಳಿಗೆ ಸ್ವಂತ ಹೆಸರು ಇರಬೇಕು ಎಂದರು. ಹೆಸರು ತಿಳಿಸಲು ಮತ್ತೆ ಅವಕಾಶ ಕೊಟ್ಟ ಮೇಲೂ ಸುಮಾರು 28 ಲಕ್ಷ ಸ್ತ್ರೀಯರ ಹೆಸರು ಪಟ್ಟಿಯಿಂದ ಬಿದ್ದುಹೋಯಿತು. ನಿಯಮ ಸರಿಯಾದದ್ದೇ, ಅದನ್ನು ಮಾಡಿದವರ ಉದ್ದೇಶವೂ ದೊಡ್ಡದೇ. ಆದರೂ 1951-52ರ ಮೊದಲ ಮಹಾ ಚುನಾವಣೆಯಲ್ಲಿ 17 ಕೋಟಿಗೂ ಮೀರಿದ ಮತದಾರರ ನಡುವೆ ಆ 28 ಲಕ್ಷ ಮಂದಿಗೆ ಸ್ಥಾನವಿರಲಿಲ್ಲ. ಸರಿಯಾದ ನಿಯಮಕ್ಕೂ ಒಂದು ಬೆಲೆ ಇರುತ್ತದೆ, ಅದನ್ನು ತೆರುವವರು ಮಾತ್ರ ನಿಯಮ ಮಾಡಿದವರಲ್ಲ ಎಂಬುದಕ್ಕೆ ಇದು ನಿದರ್ಶನ.

ಇನ್ನು ದಾಖಲೆಯ ಮಾತಿಗೆ ಬರೋಣ. ಪೌರತ್ವಕ್ಕೆ ದಾಖಲೆ ಯಾವುದು? ತಕ್ಷಣ ಎಲ್ಲರೂ ಜೇಬಿಗೆ ಕೈಹಾಕಿ ಆಧಾರ್ ತೆಗೆಯುತ್ತಾರೆ. ಆದರೆ 2016ರ ಆಧಾರ್ ಕಾಯಿದೆಯೇ, ಈ ಸಂಖ್ಯೆ ಪೌರತ್ವಕ್ಕೆ ಸಾಕ್ಷಿಯಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಪಡಿತರ ಚೀಟಿ ದಿನಸಿಗೆ, ಚಾಲನಾ ಪರವಾನಗಿ ವಾಹನಕ್ಕೆ. ಪಾಸ್‌ಪೋರ್ಟು ಬಲವಾದ ದಾಖಲೆ ನಿಜ, ಆದರೆ ಕೂಲಿ ಮಾಡುವವರ ಮನೆಯಲ್ಲಿ ಅದು ಎಲ್ಲಿಂದ ಬರಬೇಕು? ಉಳಿದದ್ದು ಜನನ ಪ್ರಮಾಣ ಪತ್ರ. ಜನನ ಮರಣ ನೋಂದಣಿಗೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂದದ್ದೇ 1969ರಲ್ಲಿ. ಕಾನೂನು ಬಂದ ಮೇಲೂ ಸೂಲಗಿತ್ತಿಯ ಕೈಯಲ್ಲಿ ಮನೆಯಲ್ಲೇ ಹುಟ್ಟಿದ ಮಕ್ಕಳ ಹೆಸರು ಪುಸ್ತಕ ಸೇರಲು ಬಹಳ ಕಾಲ ಹಿಡಿಯಿತು. 'ಯಾವಾಗ ಹುಟ್ಟಿದಿರಿ?' ಎಂದರೆ 'ಕೆರೆ ಕೋಡಿ ಬಿದ್ದ ವರ್ಷ' ಎನ್ನುವ ಹಿರಿಯರು ನಮ್ಮ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಶಾಲೆಗೆ ಹೋದವರ ಕಥೆಯೂ ಬೇರೆಯಲ್ಲ. ನಮ್ಮ ವಯಸ್ಸಿನವರಲ್ಲಿ ಎಷ್ಟು ಜನರ ಹುಟ್ಟಿದ ದಿನ ಜೂನ್ 1 ಎಂಬುದನ್ನು ಲೆಕ್ಕ ಹಾಕಿ ನೋಡಿ. ಅದು ತಾಯಿ ಹೆತ್ತ ದಿನವಲ್ಲ, ಮೇಷ್ಟ್ರು ಬರೆದ ದಿನ.

ಇದರ ಮೇಲೆ ಇನ್ನೊಂದು ತೊಡಕಿದೆ. 1955ರ ಪೌರತ್ವ ಕಾಯಿದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಈ ನೆಲದಲ್ಲಿ ಹುಟ್ಟಿದವರು, ಅಲ್ಪಸ್ವಲ್ಪ ಅಪವಾದ ಬಿಟ್ಟರೆ, ಹುಟ್ಟಿನಿಂದಲೇ ನಾಗರಿಕರು. ಆ ಮೇಲೆ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಭಾರತದ ನಾಗರಿಕರಾಗಿರಬೇಕು. 2004ರ ಡಿಸೆಂಬರ್ 3ರಿಂದೀಚೆಗೆ ಹುಟ್ಟಿದವರಿಗೆ ಇಬ್ಬರೂ ನಾಗರಿಕರಾಗಿರಬೇಕು, ಇಲ್ಲವೆ ಒಬ್ಬರು ನಾಗರಿಕರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅಂದರೆ 2006ರಲ್ಲಿ ಹುಟ್ಟಿದ ಹುಡುಗಿ ತನ್ನ ಜನನ ಪತ್ರ ತಂದರೆ ಸಾಲದು, ತಂದೆತಾಯಿಯ ದಾಖಲೆಯನ್ನೂ ತರಬೇಕಾಗುತ್ತದೆ. ಆ ತಂದೆತಾಯಿಗಳೇ ಜೂನ್ 1ರ ಕಾಲದವರು!

ಹೀಗೆ ಕಟ್ಟುನಿಟ್ಟಾಗಿ ದಾಖಲೆ ಕೇಳಿದಾಗ ಏನಾಗುತ್ತದೆ ಎಂಬುದನ್ನು ಅಳೆದು ನೋಡಿದ ಒಂದು ಉದಾಹರಣೆ ಅಮೆರಿಕದಲ್ಲಿದೆ. ಅಲ್ಲಿ 1993ರ ರಾಷ್ಟ್ರೀಯ ಮತದಾರ ನೋಂದಣಿ ಕಾನೂನಿನ ಪ್ರಕಾರ ನಮ್ಮಂತೆಯೇ ಘೋಷಣೆ, ಸುಳ್ಳು ಹೇಳಿದರೆ ಶಿಕ್ಷೆ. ಗೋಧಿ ಬೆಳೆಯುವ ಕಾನ್ಸಾಸ್ ರಾಜ್ಯ ಇದು ಸಾಲದೆಂದು 2013ರಿಂದ ಹೊಸ ಮತದಾರರಿಗೆ ಜನನ ಪತ್ರವನ್ನೋ ಪಾಸ್‌ಪೋರ್ಟನ್ನೋ ಇಂಥದೇ ಬೇರೆ ದಾಖಲೆಯನ್ನೋ ಕಡ್ಡಾಯ ಮಾಡಿತು. ನಾಲ್ಕು ವರ್ಷ ತುಂಬುವುದರೊಳಗೆ 31 ಸಾವಿರಕ್ಕೂ ಹೆಚ್ಚು ಅರ್ಜಿಗಳು ತಡೆಹಿಡಿಯಲ್ಪಟ್ಟವು ಅಥವಾ ರದ್ದಾದವು. ಇವು ಮೊದಲ ಸಲ ನೋಂದಣಿಗೆ ಬಂದವರ ಅರ್ಜಿಗಳಲ್ಲಿ ಶೇಕಡ 12ರಷ್ಟು. ಹೀಗೆ ತಡೆಯಲ್ಪಟ್ಟವರಲ್ಲಿ ಬಹುತೇಕ ಎಲ್ಲರೂ ನಾಗರಿಕರೇ. ಇನ್ನೊಂದು ಕಡೆಯ ಲೆಕ್ಕವನ್ನೂ ನ್ಯಾಯಾಲಯ ತೆಗೆಯಿತು. 1999ರಿಂದ ಸುಮಾರು 19 ವರ್ಷಗಳಲ್ಲಿ ನಾಗರಿಕರಲ್ಲದೆಯೂ ನೋಂದಣಿಯಾದವರು ಹೆಚ್ಚೆಂದರೆ 39 ಮಂದಿ. ಅವರಲ್ಲಿಯೂ ಹಲವರ ಹೆಸರು ಕಚೇರಿಯ ತಪ್ಪಿನಿಂದಲೋ ಗೊಂದಲದಿಂದಲೋ ಸೇರಿದ್ದು. 2018ರಲ್ಲಿ ನ್ಯಾಯಾಲಯ ಆ ನಿಯಮವನ್ನು ತಳ್ಳಿಹಾಕಿತು, 2020ರಲ್ಲಿ ಮೇಲಿನ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಆಸ್ಪತ್ರೆಯಲ್ಲೇ ಹೆರಿಗೆಯಾಗಿ, ಹುಟ್ಟು ಸಾವುಗಳ ಲೆಕ್ಕ ಬಹುಕಾಲದಿಂದ ಕ್ರಮವಾಗಿರುವ ದೇಶದ ಮಾತಿದು. ನಮ್ಮಲ್ಲಿ ಅದೇ ಶೇಕಡ 12 ಎಂದರೆ ಎಷ್ಟು ಜನ ಎಂಬುದನ್ನು ತಾವೇ ಊಹಿಸಿಕೊಳ್ಳಿ.

ನಮ್ಮ ಸರ್ವೋಚ್ಚ ನ್ಯಾಯಾಲಯ ಈ ವಿಷಯದಲ್ಲಿ 1995ರಲ್ಲಿಯೇ ಒಂದು ಮಹತ್ವದ ತೀರ್ಪು ಕೊಟ್ಟಿದೆ. ಲಾಲ್ ಬಾಬು ಹುಸೇನ್ ಪ್ರಕರಣವೆಂದು ಅದಕ್ಕೆ ಹೆಸರು. ದೆಹಲಿ ಮತ್ತು ಮುಂಬಯಿಯ ಕೆಲವು ಬಡಾವಣೆಗಳ ಜನರಿಗೆ, ಹಿಂದಿನ ಚುನಾವಣೆಗಳಲ್ಲಿ ಮತ ಹಾಕಿದ್ದವರಿಗೂ, 'ನೀವು ನಾಗರಿಕರೆಂದು ರುಜುವಾತು ಮಾಡಿ' ಎಂದು ನೋಟೀಸು ಹೋಗಿತ್ತು. ಮುಂಬಯಿಯಲ್ಲಿ ಜನನ ಪತ್ರ, ಪಾಸ್‌ಪೋರ್ಟು, ಪೌರತ್ವ ಪತ್ರದಂಥ ಕೆಲವೇ ದಾಖಲೆಗಳನ್ನು ಕೇಳಿದ್ದರು. ನ್ಯಾಯಾಲಯ ಹೇಳಿದ್ದನ್ನು ಸರಳವಾಗಿ ಹೇಳುವುದಾದರೆ ಹೀಗೆ. ಒಬ್ಬನ ಹೆಸರು ಈಗಾಗಲೇ ಪಟ್ಟಿಯಲ್ಲಿದ್ದರೆ, ಅದನ್ನು ಸೇರಿಸುವಾಗ ವಿಚಾರಣೆ ಕ್ರಮಬದ್ಧವಾಗಿ ನಡೆದಿದೆ ಎಂದೇ ಭಾವಿಸಬೇಕು. ಅನುಮಾನ ಬಂದರೆ, ಅದಕ್ಕೆ ಆಧಾರವೇನೆಂದು ಆತನಿಗೆ ತಿಳಿಸಬೇಕು. ಉತ್ತರ ಹೇಳಲು ಸಾಕಷ್ಟು ಅವಕಾಶ ಕೊಡಬೇಕು. ಅವನು ತಂದ ಯಾವ ಸಾಕ್ಷ್ಯವನ್ನೂ ನೋಡದೆ ಬದಿಗಿಡಬಾರದು. ಪೊಲೀಸರ ವರದಿಯೊಂದನ್ನೇ ನಂಬದೆ, ನೋಂದಣಾಧಿಕಾರಿ ತನ್ನ ಸ್ವಂತ ವಿವೇಚನೆಯಿಂದ ನ್ಯಾಯಾಧೀಶನಂತೆ ನಿರ್ಧರಿಸಬೇಕು.

ಮೂವತ್ತು ವರ್ಷಗಳ ನಂತರ ಈ ಪ್ರಶ್ನೆ ಬಿಹಾರದಲ್ಲಿ ಮತ್ತೆ ಎದ್ದಿತು. 2025ರ ಜೂನ್ 24ರಂದು ಚುನಾವಣಾ ಆಯೋಗ ಅಲ್ಲಿ ವಿಶೇಷ ತೀವ್ರ ಪರಿಷ್ಕರಣೆಗೆ ಆದೇಶ ಕೊಟ್ಟಿತು. 2003ರ ಪಟ್ಟಿಯಲ್ಲಿ ಹೆಸರಿದ್ದವರು ಅದರ ಪ್ರತಿ ತೋರಿಸಿದರೆ ಸಾಕು. ಉಳಿದವರು 11 ದಾಖಲೆಗಳ ಪೈಕಿ ಒಂದನ್ನು ಕೊಡಬೇಕು, ಹುಟ್ಟಿದ ವರ್ಷ ನೋಡಿಕೊಂಡು ತಂದೆತಾಯಿಯ ದಾಖಲೆಯನ್ನೂ ಕೊಡಬೇಕು. ಜನರ ಕೈಯಲ್ಲಿ ಸಾಮಾನ್ಯವಾಗಿ ಇರುವ ಆಧಾರ್, ಪಡಿತರ ಚೀಟಿ, ಆಯೋಗವೇ ಕೊಟ್ಟ ಮತದಾರರ ಗುರುತಿನ ಚೀಟಿ, ಈ ಮೂರೂ ಆ 11ರಲ್ಲಿ ಇರಲಿಲ್ಲ. 7 ಕೋಟಿ 89 ಲಕ್ಷ ಹೆಸರಿದ್ದ ಪಟ್ಟಿ ಆಗಸ್ಟ್ 1ರ ಕರಡಿನಲ್ಲಿ 7 ಕೋಟಿ 24 ಲಕ್ಷಕ್ಕೆ ಇಳಿಯಿತು. ಈ 65 ಲಕ್ಷವನ್ನು ಯಾರೂ ವಿದೇಶೀಯರ ಲೆಕ್ಕವೆಂದು ಭಾವಿಸಬಾರದು. ತೀರಿಕೊಂಡವರು, ಊರು ಬಿಟ್ಟವರು ಅಥವಾ ಸಿಗದವರು, ಎರಡು ಕಡೆ ಹೆಸರಿದ್ದವರು ಎಂದೇ ಆಯೋಗ ಕಾರಣ ಕೊಟ್ಟಿತ್ತು. ಬಿಟ್ಟುಹೋದ ಹೆಸರುಗಳನ್ನು ಕಾರಣ ಸಹಿತ ಪ್ರಕಟಿಸಿ ಎಂದು ಸರ್ವೋಚ್ಚ ನ್ಯಾಯಾಲಯ ಆಗಸ್ಟ್ 14ರಂದು ಸೂಚಿಸಿತು. ಸೆಪ್ಟೆಂಬರ್ 8ರಂದು, ಪೌರತ್ವಕ್ಕಲ್ಲ, ಗುರುತಿಗೆ ಆಧಾರನ್ನು 12ನೇ ದಾಖಲೆಯಾಗಿ ಸ್ವೀಕರಿಸಿ ಎಂದಿತು. ಸೆಪ್ಟೆಂಬರ್ 30ರ ಅಂತಿಮ ಪಟ್ಟಿಯಲ್ಲಿ 7 ಕೋಟಿ 42 ಲಕ್ಷ ಹೆಸರುಗಳಿದ್ದವು.

ಸತ್ತವರ ಹೆಸರು ತೆಗೆಯಬೇಕಾದದ್ದೇ. ಎರಡು ಕಡೆ ಹೆಸರಿದ್ದರೆ ಒಂದು ಕಡೆ ಹೋಗಬೇಕಾದದ್ದೇ. ಆದರೆ ಈ ಕೆಲಸಕ್ಕೂ ಪೌರತ್ವದ ರುಜುವಾತಿಗೂ ಸಂಬಂಧವಿಲ್ಲ ಎಂಬುದನ್ನು ಗಮನಿಸಿ. ಸತ್ತವರನ್ನು ಗುರುತಿಸಲು ಬದುಕಿರುವವರಿಂದ ಜನನ ಪತ್ರ ಕೇಳಬೇಕಾಗಿಲ್ಲ. ಮಳೆಗಾಲದ ಪ್ರವಾಹದ ನಡುವೆ, ದುಡಿಯಲು ಪರರಾಜ್ಯಕ್ಕೆ ಹೋದವರು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ, ಒಂದೇ ತಿಂಗಳ ಅವಧಿಯಲ್ಲಿ ನಮೂನೆ ತುಂಬಿಸುವುದು ಮತದಾರನಿಗೂ ಕಷ್ಟ, ಮನೆಮನೆ ಸುತ್ತುವ ಶಾಲಾ ಶಿಕ್ಷಕರಿಗೂ ಕಷ್ಟ.

ನಮ್ಮ ಕರ್ನಾಟಕದ್ದೇ ಆದ ಒಂದು ಪ್ರಸಂಗವನ್ನು ಹೇಳದೆ ಈ ಮಾತು ಪೂರ್ತಿಯಾಗುವುದಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟಿನ ನಿರಾಶ್ರಿತರು ನೆಲೆಸಿದ್ದಾರೆ. ಅವರ ಮಕ್ಕಳು ಅಲ್ಲಿಯೇ ಹುಟ್ಟಿದರು, ಮುಸುಕಿನ ಜೋಳದ ಹೊಲಗಳ ನಡುವೆ ಬೆಳೆದರು. ಅವರ ಕೈಯಲ್ಲಿದ್ದ ಕಾಗದ ಅವರನ್ನು ವಿದೇಶೀಯರೆಂದು ಹೇಳುತ್ತಿತ್ತು. ಆದರೆ ಕಾನೂನು ಏನು ಹೇಳುತ್ತದೆ? 1987ಕ್ಕೆ ಮೊದಲು ಇಲ್ಲಿ ಹುಟ್ಟಿದವರು ನಾಗರಿಕರು ಎನ್ನುತ್ತದೆ. 2013ರಲ್ಲಿ ಕರ್ನಾಟಕ ಹೈಕೋರ್ಟು ಇದನ್ನೇ ಎತ್ತಿಹಿಡಿಯಿತು. 2014ರ ಫೆಬ್ರವರಿಯಲ್ಲಿ ಚುನಾವಣಾ ಆಯೋಗ, 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದ ಟಿಬೆಟಿನ ನಿರಾಶ್ರಿತರ ಮಕ್ಕಳನ್ನು ಮತದಾರರಾಗಿ ನೋಂದಾಯಿಸಿಕೊಳ್ಳುವಂತೆ ಸೂಚಿಸಿತು. ನೋಡಿ, ಒಂದು ಕಡೆ ನಾಗರಿಕಳಾಗಿದ್ದೂ ಕಾಗದವಿಲ್ಲದ ನಮ್ಮ ತಾಯಿ. ಇನ್ನೊಂದು ಕಡೆ 'ನಾಗರಿಕರಲ್ಲ' ಎಂಬ ಕಾಗದವಿದ್ದೂ ಕಾನೂನಿನ ದೃಷ್ಟಿಯಲ್ಲಿ ನಾಗರಿಕರಾದವರು. ಕಾಗದವೇ ಸತ್ಯವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹಾಗಾದರೆ ಏನು ಮಾಡಬೇಕು ಎಂದು ತಾವು ಕೇಳಬಹುದು. ನನಗೆ ತೋಚಿದ್ದನ್ನು ಹೇಳುತ್ತೇನೆ. ಮೊದಲನೆಯದಾಗಿ, ಘೋಷಣೆಯ ಪದ್ಧತಿಯನ್ನು ಉಳಿಸಿಕೊಳ್ಳಬೇಕು, ಸುಳ್ಳು ಹೇಳಿದವರ ಮೇಲೆ ಇರುವ ಕಲಮನ್ನು ನಿಜವಾಗಿಯೂ ಜಾರಿ ಮಾಡಬೇಕು. ಎರಡನೆಯದಾಗಿ, ಅನುಮಾನ ಬಂದ ಕಡೆ ವಿಚಾರಣೆ ನಡೆಯಲಿ. ಆದರೆ ಅದು ಇಂಥ ವ್ಯಕ್ತಿಯ ಮೇಲೆ ಇಂಥ ಕಾರಣಕ್ಕೆ ಎಂದಿರಬೇಕೇ ಹೊರತು ಒಂದು ಕೇರಿಯ ಮೇಲೋ ಒಂದು ಭಾಷೆ ಆಡುವವರ ಮೇಲೋ ಅಲ್ಲ. ಮೂರನೆಯದಾಗಿ, ದಾಖಲೆ ಬೇಕೇ ಬೇಕು ಎಂದರೆ ಅದನ್ನು ಹುಡುಕುವ ಹೊರೆಯಲ್ಲಿ ಸರ್ಕಾರವೂ ಹೆಗಲು ಕೊಡಬೇಕು. ಹಳೆಯ ಪಟ್ಟಿಗಳು, ಶಾಲೆಯ ದಾಖಲಾತಿ ಪುಸ್ತಕಗಳು, ಜನನ ನೋಂದಣಿಯ ಕಡತಗಳು ಇರುವುದು ಸರ್ಕಾರದ ಕಪಾಟಿನಲ್ಲಿ. ಅದರ ಪ್ರತಿಗಾಗಿ ಕೂಲಿಯವನು ಮೂರು ದಿನದ ಕೂಲಿ ಕಳೆದುಕೊಂಡು ಅಲೆಯಬೇಕೆ? ಮನೆಯೇ ಇಲ್ಲದವರ ವಿಷಯದಲ್ಲಿ ನಮ್ಮ ಚುನಾವಣಾ ಪದ್ಧತಿಯಲ್ಲಿ ಒಂದು ಒಳ್ಳೆಯ ಏರ್ಪಾಡು ಇದೆ. ಅವರಿಂದ ವಿಳಾಸದ ಪುರಾವೆ ಕೇಳುವುದಿಲ್ಲ. ಮತಗಟ್ಟೆ ಮಟ್ಟದ ಅಧಿಕಾರಿಯೇ ರಾತ್ರಿ ಹೋಗಿ, ಅವರು ಅಲ್ಲಿ ಮಲಗುತ್ತಾರೆಯೇ ಎಂದು ನೋಡಿ ಬರಬೇಕು. ಕಾಗದವಿಲ್ಲದವನ ಬಳಿಗೆ ಅಧಿಕಾರವೇ ನಡೆದು ಹೋಗಬೇಕು ಎಂಬ ಈ ಭಾವನೆ ಪೌರತ್ವದ ವಿಚಾರಣೆಗೂ ಬರಬೇಕು.

ವೀಕ್ಷಕರಾದ ತಾವು ಮಾಡಬಹುದಾದದ್ದೂ ಉಂಟು. ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ, ಕರಡು ಪಟ್ಟಿ ಬಂದಾಗಲೇ ಮನೆಯವರೆಲ್ಲರ ಹೆಸರು ಇದೆಯೇ ಎಂದು ನೋಡಿ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಪಟ್ಟಿಯಿಂದ ಇಲ್ಲಿಗೆ ಬಂದಿದೆಯೇ ಎಂದು ವಿಚಾರಿಸಿ, ಅದಕ್ಕೆ ನಮೂನೆ 8 ಇದೆ. ಹೆಸರು ತೆಗೆದುಹಾಕಿದ ಆದೇಶ ಬಂದರೆ ಎದೆಗುಂದಬೇಡಿ. 15 ದಿನಗಳೊಳಗೆ ಜಿಲ್ಲಾ ದಂಡಾಧಿಕಾರಿಗೂ, ಅಲ್ಲಿಯೂ ಆಗದಿದ್ದರೆ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೂ ಮೇಲ್ಮನವಿ ಸಲ್ಲಿಸಬಹುದು. ನೆರೆಮನೆಯ ಅಜ್ಜಿಗೆ ಓದು ಬರದಿದ್ದರೆ ಅವರ ಹೆಸರನ್ನೂ ತಾವೇ ನೋಡಿ. ಮನೆಯಲ್ಲಿ ಮಗು ಹುಟ್ಟಿದರೆ ನಾಮಕರಣಕ್ಕೆ ಮೊದಲೇ ಜನನ ನೋಂದಣಿ ಮಾಡಿಸಿ.

ಒಬ್ಬ ಅನರ್ಹ ಪಟ್ಟಿಯೊಳಗೆ ಸೇರುವುದು ತಪ್ಪು. ಒಬ್ಬ ಅರ್ಹ ಪಟ್ಟಿಯಿಂದ ಹೊರಗುಳಿಯುವುದೂ ತಪ್ಪು. ಮೊದಲ ತಪ್ಪು ದೊಡ್ಡ ಸುದ್ದಿಯಾಗುತ್ತದೆ. ಎರಡನೆಯದು ಮತಗಟ್ಟೆಯ ಬಾಗಿಲಿನಲ್ಲಿ ಒಬ್ಬ ಮುದುಕಿ 'ನನ್ನ ಹೆಸರಿಲ್ಲವಂತೆ' ಎಂದು ಹಿಂತಿರುಗಿ ನಡೆದುಹೋಗುವಲ್ಲಿ ಮುಗಿಯುತ್ತದೆ. ಆದ್ದರಿಂದಲೇ ಕಾನೂನು ಮಾಡುವವರು ಎರಡನೆಯದನ್ನು ಹೆಚ್ಚು ಎಚ್ಚರದಿಂದ ತೂಗಬೇಕು.

ನಮ್ಮ ತಾಯಿಯ ಟ್ರಂಕಿನ ಆ ಮೂರು ಕಾಗದಗಳು ಈಗ ನನ್ನ ಬಳಿ ಇವೆ. ಮೂರು ವಯಸ್ಸಿನಲ್ಲಿ ಯಾವುದು ನಿಜ ಎಂಬುದು ನನಗೆ ಈಗಲೂ ತಿಳಿಯದು. ಆದರೆ ಪ್ರತಿ ಚುನಾವಣೆಯ ದಿನವೂ ಅವರು ಬೆಳಿಗ್ಗೆ ಬೇಗ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಮತಗಟ್ಟೆಯ ಸಾಲಿನಲ್ಲಿ ನಿಲ್ಲುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಕಾಲದ ಮತದಾರರ ಪಟ್ಟಿ ಅವರನ್ನು ನಂಬಿತ್ತು. ಆ ನಂಬಿಕೆಗೆ ಅವರು ಎಂದೂ ಎರಡು ಬಗೆಯಲಿಲ್ಲ.